‘ಇವತ್ತು ಹುಲಿ, ನಾಳೆ ಇಲಿ’: ಬೆಂಚಿನಿಂದ ಬರೋ ಡಿಫೆಂಡರ್‌ನನ್ನು ಅಳೆಯೋದು ಹೇಗೆ?

ಪ್ರೊ ಕಬಡ್ಡಿ ಶುರುವಾದರೆ ಹೊಸಪೇಟೆಯ ನಮ್ಮ ಗೆಳೆಯರ ಗುಂಪು ಎರಡು ಹೋಳಾಗುತ್ತದೆ. ಒಂದು ಬೆಂಗಳೂರು ಬುಲ್ಸ್ ಕಡೆ. ಇನ್ನೊಂದು, ವಿಚಿತ್ರ ಅನ್ನಿಸಬಹುದು, ಹರಿಯಾಣ ಸ್ಟೀಲರ್ಸ್ ಕಡೆ. ಆ ತಂಡದ ಮಾಲೀಕರು ಜೆಎಸ್‌ಡಬ್ಲ್ಯು. ಪಕ್ಕದ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸೋರೂ ಅವರೇ. ಹೆಸರು ಹರಿಯಾಣದ್ದು, ಉಕ್ಕು ನಮ್ಮದು ಅಂತ ತಮಾಷೆ ಮಾಡ್ತೀವಿ. ಆದರೆ ಒಂದು ವಿಷಯದಲ್ಲಿ ಎರಡೂ ಗುಂಪಿನದು ಒಂದೇ ಮಾತು. ಬದಲಿ ಡಿಫೆಂಡರ್ ಇಳಿದು ಒಂದು ಟ್ಯಾಕಲ್ ಕೈತಪ್ಪಿದ ಕೂಡಲೇ, “ಇವ್ನು ಇವತ್ತು ಹುಲಿ, ನಾಳೆ ಇಲಿ. ಯಾಕ್ ಇಳಿಸ್ತಾರಪ್ಪ ಇವನ್ನ?”

ಟಿವಿ ಕಾಮೆಂಟರಿಯಲ್ಲಿ ಇದೇ ಮಾತು ಮರ್ಯಾದೆಯ ವೇಷ ಹಾಕಿ ಬರುತ್ತದೆ: “ಆಟದಲ್ಲಿ ಸ್ಥಿರತೆ ಇಲ್ಲ.” ಈ ತೀರ್ಪಿನಲ್ಲಿ ಎಷ್ಟು ಸತ್ಯ, ಎಷ್ಟು ಸೋಮಾರಿತನ ಅನ್ನೋದು ನನ್ನ ಪ್ರಶ್ನೆ. ಯಾಕೆಂದರೆ ಮುಂದಿನ ವರ್ಷ ಆ ಹುಡುಗನಿಗೆ ಕೆಲಸ ಇರುತ್ತೋ ಇಲ್ಲವೋ ಅನ್ನೋದು ಈ ಒಂದು ಮಾತಿನ ಮೇಲೆ ನಿಂತಿರುತ್ತದೆ.

ಮೊದಲು ಸ್ವಲ್ಪ ಗಣಿತ. ಬದಲಿ ಆಟಗಾರನಿಗೆ ಒಂದು ಪಂದ್ಯದಲ್ಲಿ ಟ್ಯಾಕಲ್‌ಗೆ ಮೂರು ಅವಕಾಶ ಸಿಗುತ್ತವೆ ಅಂದುಕೊಳ್ಳಿ. ಅವನ ನಿಜವಾದ ಸಾಮರ್ಥ್ಯ ನೂರಕ್ಕೆ 45, ಅಂದರೆ ಕೆಟ್ಟ ಡಿಫೆಂಡರ್ ಏನಲ್ಲ. ಹಾಗಿದ್ದರೂ ಮೂರಕ್ಕೆ ಮೂರೂ ತಪ್ಪುವ ಸಾಧ್ಯತೆ ಸುಮಾರು ಶೇ 17. ಆರು ಪಂದ್ಯಕ್ಕೊಮ್ಮೆ ಸೊನ್ನೆ, ಅದೂ ಅವನ ಆಟ ಒಂಚೂರೂ ಬದಲಾಗದೆ! ಪೂರ್ತಿ ಸೀಸನ್‌ನಲ್ಲಿ 40 ಪ್ರಯತ್ನ ಮಾಡಿದರೂ ಅವನ ಸರಾಸರಿ 37 ಆಗಬಹುದು, 53 ಕೂಡ ಆಗಬಹುದು. 37 ಬಂದರೆ ಇಲಿ, 53 ಬಂದರೆ ಹುಲಿ. ಆದರೆ ಇಬ್ಬರೂ ಒಬ್ಬನೇ.

ಇದಕ್ಕಿಂತ ದೊಡ್ಡ ತೊಂದರೆ ಲೆಕ್ಕದ ಪುಸ್ತಕದ್ದು. ಕಬಡ್ಡಿಯಲ್ಲಿ ರೈಡರ್ 30 ಸೆಕೆಂಡ್ ಓಡಾಡಿ ಬರಿಗೈಯಲ್ಲಿ ವಾಪಸ್ ಹೋದರೆ ಅದು ಎಂಪ್ಟಿ ರೈಡ್. ಯಾರ ಖಾತೆಗೂ ಏನೂ ಜಮಾ ಆಗಲ್ಲ. ಆದರೆ ಒಂದು ತಂಡದ ಎರಡು ರೈಡ್ ಸತತವಾಗಿ ಖಾಲಿ ಹೋದರೆ ಮೂರನೆಯದು ‘ಡು ಆರ್ ಡೈ’. ಆಗ ರೈಡರ್ ಅಂಕ ತರಲೇಬೇಕು, ಇಲ್ಲಾಂದ್ರೆ ಔಟ್. ವಿಧಿಯಿಲ್ಲದೆ ಒಳಗೆ ನುಗ್ಗುತ್ತಾನೆ. ಕಾರ್ನರ್‌ನಲ್ಲಿರುವ ಸ್ಟಾರ್ ಕಾಲು ಹಿಡಿಯುತ್ತಾನೆ, ಅಂಕ ಅವನ ಹೆಸರಿಗೆ. ಹಾಗೆ ಐದು ಟ್ಯಾಕಲ್ ಅಂಕ ಸೇರಿದರೆ ‘ಹೈ ಫೈವ್’, ಪರದೆ ತುಂಬಾ ಗ್ರಾಫಿಕ್ಸ್. ಹಿಂದಿನ ಎರಡು ರೈಡ್‌ನಲ್ಲಿ ಕವರ್ ಜಾಗದಲ್ಲಿ ನಿಂತು, ಆಸೆಗೆ ಬಿದ್ದು ಜಿಗಿಯದೆ, ರೈಡರ್‌ಗೆ ದಾರಿ ಮುಚ್ಚಿದವನ ಹೆಸರು ಎಲ್ಲೂ ಬರಲ್ಲ. ಅದೇ ಅವನು ಟ್ಯಾಕಲ್‌ಗೆ ಹೋಗಿ ತಪ್ಪಿದರೆ ಮಾತ್ರ ಅಂಕವೂ ಹೋಯಿತು, ತಾನೂ ಹೊರಗೆ, ಜೊತೆಗೆ ಕೈ ಹಾಕಿದವನೂ ಹೊರಗೆ. ಆ ತಪ್ಪು ರೀಪ್ಲೇಯಲ್ಲಿ ಮೂರು ಸಲ ಬರುತ್ತದೆ.

ಇದರ ಬಗ್ಗೆ ಅತಿ ಹೆಚ್ಚು ತಲೆ ಕೆಡಿಸಿಕೊಂಡಿರೋದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ. ಮ್ಯಾಟೀಸ್ ಥೈಬುಲ್ ಅನ್ನೋ ಗಾರ್ಡ್‌ನನ್ನು ನೋಡಿ. 2020–21ರಲ್ಲಿ ಫಿಲಡೆಲ್ಫಿಯಾ ಪರ ಹೆಚ್ಚಾಗಿ ಬೆಂಚಿನಿಂದ ಬಂದು, ಪಂದ್ಯಕ್ಕೆ 20 ನಿಮಿಷ ಆಡಿ, ನಾಲ್ಕು ಅಂಕವೂ ಪೂರ್ತಿ ಗಳಿಸದವನು ಆ ವರ್ಷದ ಲೀಗ್‌ನ ಅತ್ಯುತ್ತಮ ಡಿಫೆನ್ಸ್ ಆಟಗಾರರ ಎರಡನೇ ತಂಡಕ್ಕೆ ಆಯ್ಕೆಯಾದ. ಮರುವರ್ಷವೂ ಅಷ್ಟೇ. ಆದರೆ ಪ್ಲೇಆಫ್ ಬಂದಾಗ ಎದುರಾಳಿಗಳು ಅವನನ್ನು ಕಾಯೋದನ್ನೇ ಬಿಟ್ಟರು. ದೂರದ ಮೂರು ಅಂಕದ ಎಸೆತ ಹತ್ತಕ್ಕೆ ಮೂರು ಮಾತ್ರ ಬೀಳುತ್ತಿದ್ದರಿಂದ, ಹೊಡೀಲಿ ಬಿಡು ಅಂತ ಬಿಟ್ಟು ಉಳಿದವರನ್ನು ಸುತ್ತುವರಿದರು. ಜನರ ಬಾಯಲ್ಲಿ ಥೈಬುಲ್ ‘ಒಂದಿನ ಇದ್ದಂಗೆ ಇನ್ನೊಂದಿನ ಇಲ್ಲ’ ಅನ್ನೋ ಆಟಗಾರನಾದ. 2023ರ ಫೆಬ್ರುವರಿಯಲ್ಲಿ ಪೋರ್ಟ್‌ಲ್ಯಾಂಡ್ ತಂಡಕ್ಕೆ ಕಳಿಸಿಬಿಟ್ಟರು. ಅವನ ಡಿಫೆನ್ಸ್ ಏರುಪೇರಾಗಿತ್ತು ಅಂತ ನನಗನ್ನಿಸಲ್ಲ. ಎದುರಾಳಿಗಳು ಪ್ರಶ್ನೆಪತ್ರಿಕೆ ಬದಲಿಸಿದರು, ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ಅದು ನಿಜವಾದ ಕೊರತೆಯೇ, ಆದರೆ ಬೇರೆ ಕೊರತೆ. ಔಷಧವೂ ಬೇರೆ.

ಅಲೆಕ್ಸ್ ಕರೂಸೊ ಕಥೆ ತಿರುವುಮುರುವು. 2016ರ ಡ್ರಾಫ್ಟ್‌ನಲ್ಲಿ ಅವನನ್ನು ಯಾರೂ ಆರಿಸಲಿಲ್ಲ. 2025ರಲ್ಲಿ ಒಕ್ಲಹಾಮಾ ಸಿಟಿ ಚಾಂಪಿಯನ್ ಆದಾಗಲೂ ಅವನು ಹೆಚ್ಚಾಗಿ ಬೆಂಚಿನವನೇ. ಆದರೆ ಡೆನ್ವರ್ ವಿರುದ್ಧದ ನಿರ್ಣಾಯಕ ಏಳನೇ ಪಂದ್ಯದಲ್ಲಿ, ತನಗಿಂತ ಸುಮಾರು ಅರ್ಧ ಅಡಿ ಎತ್ತರದ ನಿಕೊಲಾ ಯೋಕಿಚ್‌ನನ್ನು ತಡೆಯುವ ಕೆಲಸ ಕೋಚ್ ಕೊಟ್ಟದ್ದು ಇವನಿಗೆ. ಅಂಕಪಟ್ಟಿ ನೋಡಿ ತಂಡ ಆರಿಸಿದ್ದರೆ ಆ ಹೊತ್ತಿಗೆ ಕರೂಸೊ ಅಂಕಣದಲ್ಲೇ ಇರ್ತಿರಲಿಲ್ಲ. ಎನ್‌ಬಿಎಯಲ್ಲಿ ಇದಕ್ಕೊಂದು ಅಳತೆ ಇದೆ, ಪ್ಲಸ್-ಮೈನಸ್. ಆಟಗಾರ ಒಳಗಿದ್ದಾಗ ತಂಡ ಎಷ್ಟು ಅಂಕ ಗಳಿಸಿತು, ಎಷ್ಟು ಕೊಟ್ಟಿತು ಅನ್ನೋ ವ್ಯತ್ಯಾಸ. ಜೊತೆಗಿದ್ದವರು ಚೆನ್ನಾಗಿ ಆಡಿದರೂ ಇವನ ಖಾತೆಗೆ ಬರುವುದರಿಂದ ಒಂದೆರಡು ಪಂದ್ಯಕ್ಕೆ ಅದನ್ನು ನಂಬಬಾರದು. ಪೂರ್ತಿ ಸೀಸನ್‌ಗೆ ಸ್ವಲ್ಪ ಅರ್ಥ ಬರುತ್ತದೆ.

ಹಾಗಂತ ಬೆಂಚಿನವರೆಲ್ಲ ಅನ್ಯಾಯಕ್ಕೊಳಗಾದ ಹೀರೊಗಳು ಅಂತ ನಾನು ಹೇಳ್ತಿಲ್ಲ. ನಿಜವಾಗಲೂ ನಂಬಲಾಗದ ಡಿಫೆಂಡರ್ ಇದ್ದಾನೆ. ಅವನನ್ನು ಗುರುತಿಸಲು ಯಾವ ಟ್ಯಾಕಲ್ ತಪ್ಪಿತು ಅನ್ನೋದಕ್ಕಿಂತ ಯಾವಾಗ ಹೋದ ಅಂತ ನೋಡಬೇಕು. ಅಂಕಣದಲ್ಲಿ ಏಳೂ ಜನ ಇದ್ದಾರೆ, ರೈಡರ್ ಹಿಂದೆ ಸರಿಯುತ್ತಿದ್ದಾನೆ, ಐದು ಸೆಕೆಂಡ್ ಬಾಕಿ. ಆಗ ಮುನ್ನುಗ್ಗಿ ಅಡ್ವಾನ್ಸ್ ಟ್ಯಾಕಲ್ ಮಾಡಿ ಔಟಾಗುವವನು ತಂಡಕ್ಕೆ ದುಬಾರಿ. ಅದೇ ಮೂರೇ ಜನ ಉಳಿದಿದ್ದಾಗ ಸೂಪರ್ ಟ್ಯಾಕಲ್‌ನ ಎರಡು ಅಂಕಕ್ಕಾಗಿ ಹೋಗಿ ಸೋತವನು ಸರಿಯಾದ ನಿರ್ಧಾರ ಮಾಡಿದ್ದಾನೆ. ಪುಸ್ತಕದಲ್ಲಿ ಎರಡೂ ‘ವಿಫಲ ಟ್ಯಾಕಲ್’. ಇನ್ನೊಂದು ಮಾತು, ಕವರ್ ಮತ್ತು ಕಾರ್ನರ್ ಕೈಕೈ ಹಿಡಿದು ಆಡುವ ಜೋಡಿ. ಪಂದ್ಯದ ಮಧ್ಯದಲ್ಲಿ ಇಳಿಸಿ, ಪ್ರತಿ ಸಲ ಬೇರೆ ಬೇರೆ ಜೊತೆಗಾರ ಕೊಟ್ಟು, ಆಮೇಲೆ ಸ್ಥಿರತೆ ಕೇಳಿದರೆ ಹೇಗೆ?

ಈಗ ದುಡ್ಡಿನ ವಿಷಯ. ಡಿಫೆನ್ಸ್‌ಗೆ ಬೆಲೆಯೇ ಇಲ್ಲ ಅನ್ನೋದು ಸುಳ್ಳು. 11ನೇ ಸೀಸನ್‌ನ ಹರಾಜಿನಲ್ಲಿ ಸ್ಟೀಲರ್ಸ್ ತಂಡ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಗೆ 2.07 ಕೋಟಿ ಕೊಟ್ಟಿತು. 2024ರ ಡಿಸೆಂಬರ್ 29ರ ಫೈನಲ್‌ನಲ್ಲಿ ಪಟ್ನಾ ಪೈರೇಟ್ಸ್‌ ಅನ್ನು 23 ಅಂಕಕ್ಕೆ ಕಟ್ಟಿಹಾಕಿ, 32 ಗಳಿಸಿ, ಮೊದಲ ಕಪ್ ಗೆದ್ದಿತು. ಅದೇ ಹರಾಜಿನಲ್ಲಿ ‘ಡಿ’ ವರ್ಗದ ಮೂಲಬೆಲೆ 9 ಲಕ್ಷ. 2.07 ಕೋಟಿಯವನು ಸತತ ನಾಲ್ಕು ಟ್ಯಾಕಲ್ ತಪ್ಪಿದರೆ “ಲಯಕ್ಕೆ ಮರಳುತ್ತಾನೆ” ಅಂತೀವಿ. 9 ಲಕ್ಷದವನು ಎರಡು ತಪ್ಪಿದರೆ ಬೆಂಚಿಗೆ. ಬೆಲೆ ಹೆಚ್ಚಿದ್ದಷ್ಟೂ ಅವಕಾಶ ಹೆಚ್ಚು, ಅವಕಾಶ ಹೆಚ್ಚಿದ್ದಷ್ಟೂ ಸರಾಸರಿ ನಿಜಕ್ಕೆ ಹತ್ತಿರ. ಸ್ಥಿರತೆ ಅನ್ನೋದನ್ನು ಅರ್ಧ ಮ್ಯಾನೇಜ್‌ಮೆಂಟೇ ಕೊಡುತ್ತದೆ.

ಕಂಪ್ಲಿ, ಸಂಡೂರು ಕಡೆ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಸ್ಕೋರ್ ಬರೆಯುವ ಗೆಳೆಯರಿಗೆ ನನ್ನದೊಂದು ವಿನಂತಿ. ಟ್ಯಾಕಲ್ ಅಂಕದ ಪಕ್ಕ ಇನ್ನೊಂದು ಕಾಲಂ ಎಳೆಯಿರಿ: ಈ ಹುಡುಗ ಅಂಕಣದಲ್ಲಿದ್ದಾಗ ಎದುರಾಳಿ ಎಷ್ಟು ರೈಡ್ ಮಾಡಿದರು, ಅದರಲ್ಲಿ ಎಷ್ಟು ಖಾಲಿ ಹೋದವು. ಪೆನ್ನು, ನೋಟ್‌ಬುಕ್ ಸಾಕು, ಆ್ಯಪ್ ಏನೂ ಬೇಡ. ತಾಲ್ಲೂಕು, ಜಿಲ್ಲಾ ತಂಡದ ಆಯ್ಕೆಗೆ ಹೋಗುವಾಗ ಆ ಹಾಳೆಯನ್ನು ಅವನ ಕೈಗೆ ಕೊಡಿ.