ಒಂಟಿ ಕಾರಿಗೆ ಜೊತೆ ಬೇಕು

ಇಂಗ್ಲೆಂಡಿನ ಯಾವುದೋ ಊರಿನಲ್ಲಿ ಒಬ್ಬಾತ ಎರಡು ವರ್ಷಗಳ ಶನಿವಾರ, ಭಾನುವಾರಗಳನ್ನೆಲ್ಲ ಸುರಿದು ತನ್ನ ಮನೆಯ ಗ್ಯಾರೇಜಿನಲ್ಲೇ ಕಾರೊಂದನ್ನು ಕಟ್ಟಿ ಮುಗಿಸಿದ್ದಾನೆ ಎಂದುಕೊಳ್ಳಿ. ಉಕ್ಕಿನ ಚೌಕ ಕೊಳವೆಗಳನ್ನು ವೆಲ್ಡ್ ಮಾಡಿದ ಚೌಕಟ್ಟು. ಗುಜರಿಗೆ ಹೋಗಬೇಕಿದ್ದ ಫೋರ್ಡ್ ಎಸ್ಕಾರ್ಟಿನಿಂದ ಬಿಚ್ಚಿ ತಂದ ಎಂಜಿನ್ ಮತ್ತು ಗೇರ್ ಬಾಕ್ಸ್. ಮೂತಿ, ಮಡ್‌ಗಾರ್ಡುಗಳು ಫೈಬರ್ ಗ್ಲಾಸಿನವು. ಬಣ್ಣ ಒಣಗಿದೆ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಸಂಭ್ರಮದಿಂದ ವಿಮಾ ಕಂಪನಿಗೆ ಫೋನ್ ಮಾಡುತ್ತಾನೆ. ಆ ಕಡೆಯಿಂದ ಬರುವ ಮೊದಲ ಪ್ರಶ್ನೆ: ‘ಯಾವ ಕಂಪನಿಯ ಕಾರು? ಯಾವ ಮಾಡೆಲ್?’ ‘ನಾನೇ ಮಾಡಿದ್ದು’ ಎಂಬ ಉತ್ತರಕ್ಕೆ ಅವರ ಪಟ್ಟಿಯಲ್ಲಿ ಜಾಗವೇ ಇಲ್ಲ.

ವಿಮೆ ಬೇಡವೆಂದು ಬಿಟ್ಟುಬಿಡುವಂತಿಲ್ಲ. ಬ್ರಿಟನ್ನಿನಲ್ಲಿ 1930ರ ರಸ್ತೆ ಸಂಚಾರ ಕಾಯಿದೆಯೇ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯಗೊಳಿಸಿತು. ವಿಮೆಯಿಲ್ಲದೆ ರಸ್ತೆಗಿಳಿದರೆ ಅಪರಾಧ. ಹಾಗಾಗಿ ಎರಡು ವರ್ಷದ ಬೆವರು ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ಮಲಗಬೇಕು, ಇಲ್ಲವೇ ಕೇಳಿದಷ್ಟು ಕಂತು ತೆರಬೇಕು. ಈ ಇಕ್ಕಟ್ಟಿನಿಂದ ಪಾರಾಗಲು ಕಿಟ್ ಕಾರುಗಳ ಒಡೆಯರು ಹಿಡಿದ ದಾರಿಯಲ್ಲಿ ಒಂದು ಸ್ವಾರಸ್ಯದ ಗಣಿತ ಅಡಗಿದೆ.

ಬಿಡಿಭಾಗಗಳ ಪೆಟ್ಟಿಗೆ

ಕಿಟ್ ಕಾರ್ ಎಂದರೆ ಕಾರ್ಖಾನೆಯಿಂದ ಸಿದ್ಧವಾಗಿ ಬಾರದೆ ಬಿಡಿಭಾಗಗಳ ರೂಪದಲ್ಲಿ ಬಂದು, ಕೊಂಡವರ ಕೈಯಲ್ಲೇ ಕಾರಾಗುವಂಥದ್ದು. ಇವುಗಳಲ್ಲಿ ಹೆಸರಾದದ್ದು 1957ರ ಲೋಟಸ್ ಸೆವೆನ್. ಅದರ ಜನಕ ಕಾಲಿನ್ ಚಾಪ್‌ಮನ್ ಸ್ವತಃ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ ತನ್ನ ಮೊದಲ ಕಾರನ್ನು ಕಟ್ಟಿದಾತ. ಆಗ ಬ್ರಿಟನ್ನಿನಲ್ಲಿ ಸಿದ್ಧ ಕಾರುಗಳ ಮೇಲೆ ‘ಖರೀದಿ ತೆರಿಗೆ’ ಇತ್ತು, ಬಿಡಿಭಾಗಗಳ ಕಿಟ್ಟಿಗೆ ಇರಲಿಲ್ಲ. ಜೋಡಿಸುವ ಕ್ರಮವನ್ನು ಬರೆದು ಕೊಟ್ಟರೆ ಈ ವಿನಾಯಿತಿ ತಪ್ಪುತ್ತಿತ್ತಂತೆ. ಅದಕ್ಕೆ ಚಾಪ್‌ಮನ್ ‘ಬಿಚ್ಚುವ ಕ್ರಮ’ವನ್ನು ಅಚ್ಚು ಹಾಕಿಸಿ ಕೊಟ್ಟ, ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರು ಎಂಬ ಕಥೆ ಇಂದಿಗೂ ಕಾರುಪ್ರಿಯರ ಬಾಯಲ್ಲಿದೆ. 1973ರಲ್ಲಿ ಖರೀದಿ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂತು, ಕಿಟ್ಟಿನ ತೆರಿಗೆ ಲಾಭವೂ ಹೋಯಿತು. ಆದರೆ ಕೈಯಾರೆ ಕಟ್ಟುವ ಚಟ ಹೋಗಲಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಎಂಬುವರು ಕೇವಲ 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರ್ ಕಟ್ಟುವುದು ಹೇಗೆಂದು ಪುಸ್ತಕ ಬರೆದ ಮೇಲಂತೂ ಕಿಟ್ಟನ್ನೂ ಕೊಳ್ಳದೆ ಕೊಳವೆ ಕತ್ತರಿಸಲು ಕೂತವರು ಬಹಳ ಮಂದಿ.

ವಿಮೆಯವರ ಕಷ್ಟವೇನು?

ವಿಮಾ ಕಂಪನಿಗಳು ಬೇಕೆಂದೇ ಕಾಡುತ್ತವೆ ಎಂದು ಬೈಯುವುದು ಸುಲಭ. ಅವುಗಳ ಕಷ್ಟ ಬೇರೆಯೇ ಇದೆ. ನಿಮ್ಮ ಕಾರು ಈ ವರ್ಷ ಅಪಘಾತಕ್ಕೆ ಸಿಕ್ಕುತ್ತದೆಯೇ ಎಂಬುದು ಯಾರಿಗೂ ತಿಳಿಯದು. ಆದರೆ ಒಂದೇ ಬಗೆಯ ಲಕ್ಷ ಕಾರುಗಳಲ್ಲಿ ಎಷ್ಟು ಸಿಕ್ಕುತ್ತವೆ ಎಂಬುದನ್ನು ಹಿಂದಿನ ಲೆಕ್ಕ ನೋಡಿ ಸಾಕಷ್ಟು ನಿಖರವಾಗಿ ಹೇಳಬಹುದು. ಸ್ವಿಟ್ಜರ್ಲೆಂಡಿನ ಜೇಕಬ್ ಬರ್ನೂಲಿ ಈ ತತ್ವಕ್ಕೆ ಗಣಿತದ ಸಾಧನೆ ಒದಗಿಸಿದ. ಅವನು ತೀರಿಕೊಂಡ ಮೇಲೆ, 1713ರಲ್ಲಿ, ಆ ಗ್ರಂಥ ಪ್ರಕಟವಾಯಿತು. ‘ದೊಡ್ಡ ಸಂಖ್ಯೆಗಳ ನಿಯಮ’ ಎಂದು ಅದಕ್ಕೆ ಹೆಸರು.

ಮನೆಯಲ್ಲೇ ಪರೀಕ್ಷಿಸಬಹುದು. ಒಂದು ರೂಪಾಯಿ ನಾಣ್ಯವನ್ನು 10 ಸಲ ಚಿಮ್ಮಿ. 7 ಸಲ ಒಂದೇ ಮುಖ ಬಿದ್ದರೆ ಆಶ್ಚರ್ಯವೇನಿಲ್ಲ. ತರಗತಿಯ 40 ಮಕ್ಕಳೂ ತಲಾ 25 ಸಲ ಚಿಮ್ಮಿ ಒಟ್ಟು 1000 ಸಲದ ಲೆಕ್ಕ ಕೂಡಿಸಿ. 700 ಸಲ ಒಂದೇ ಮುಖ ಬಿತ್ತೆಂದರೆ ನಾಣ್ಯದಲ್ಲೇ ಏನೋ ಮೋಸವಿದೆ ಎನ್ನಬೇಕು. 500ರ ಆಸುಪಾಸಿನಲ್ಲೇ ಅದು ನಿಲ್ಲುತ್ತದೆ.

ಈಗ ಇದನ್ನೇ ಕಾರಿಗೆ ಅನ್ವಯಿಸೋಣ. ಲೆಕ್ಕಕ್ಕಾಗಿ, 20 ಕಾರುಗಳಿಗೆ ವರ್ಷಕ್ಕೊಂದು ಅಪಘಾತವೆಂದು ಇಟ್ಟುಕೊಳ್ಳಿ. 2 ಲಕ್ಷ ಕಾರುಗಳಿದ್ದರೆ 10,000 ಅಪಘಾತ ನಿರೀಕ್ಷಿಸಬೇಕು. ಆಕಸ್ಮಿಕ ಏರಿಳಿತ ಸುಮಾರಾಗಿ ಈ ಸಂಖ್ಯೆಯ ವರ್ಗಮೂಲದಷ್ಟು, ಅಂದರೆ 100. ಇದು ಶೇಕಡಾ 1 ಮಾತ್ರ. ಕಂಪನಿ ನೆಮ್ಮದಿಯಿಂದ ಕಂತು ನಿಗದಿ ಮಾಡಬಹುದು. ಅದೇ ಮಾದರಿಯ ಕಿಟ್ ಕಾರುಗಳು 200 ಇದ್ದರೆ ನಿರೀಕ್ಷೆ 10, ಏರಿಳಿತ 3ಕ್ಕೂ ಹೆಚ್ಚು. ಶೇಕಡಾ 30ಕ್ಕೆ ಮೀರಿತು. ಇನ್ನು ಜಗತ್ತಿನಲ್ಲೇ ಒಂದೇ ಒಂದು ಇರುವ ಕಾರಿಗೆ? ಲೆಕ್ಕವೇ ನಿಲ್ಲುವುದಿಲ್ಲ. ಲೆಕ್ಕ ನಿಲ್ಲದ ಕಡೆ ಕಂಪನಿ ತನ್ನ ಅಂಜಿಕೆಗೂ ಒಂದು ಬೆಲೆ ಕಟ್ಟಿ ಕಂತಿಗೆ ಸೇರಿಸುತ್ತದೆ, ಇಲ್ಲವೇ ಕೈಮುಗಿದುಬಿಡುತ್ತದೆ.

ಬ್ರಿಟನ್ನಿನಲ್ಲಿ ದಶಕಗಳ ಕಾಲ ಮಾಮೂಲಿ ಕಾರುಗಳನ್ನೆಲ್ಲ ಮೊದಲು 20, ಆಮೇಲೆ 50 ವಿಮಾ ಗುಂಪುಗಳಾಗಿ ವಿಂಗಡಿಸಿದ್ದರು. ಬಿಡಿಭಾಗದ ಬೆಲೆ, ರಿಪೇರಿಗೆ ಹಿಡಿಯುವ ಸಮಯ, ವೇಗ, ಕಳವಿನಿಂದ ರಕ್ಷಣೆ ಎಲ್ಲವನ್ನೂ ಅಳೆದು ಗುಂಪು ಗೊತ್ತುಮಾಡುತ್ತಿದ್ದರು. ಮನೆಯಲ್ಲಿ ಕಟ್ಟಿದ ಕಾರನ್ನು ಹೀಗೆ ಅಳೆದವರಿರಲಿಲ್ಲ. ಅದು ಯಾವ ಗುಂಪಿಗೂ ಸೇರಲಿಲ್ಲ. ಸಾಲದ್ದಕ್ಕೆ ಅದರ ಹಗುರ ಮೈಯೂ ಭಯ ಹುಟ್ಟಿಸುತ್ತಿತ್ತು. ನಮ್ಮ ಮಾರುತಿ 800ರ ತೂಕ ಸುಮಾರು 650 ಕಿಲೋ, ಎಂಜಿನ್ ಶಕ್ತಿ 37 ಅಶ್ವಶಕ್ತಿ. ಸೆವೆನ್ ಬಗೆಯ ಕಾರು 500 ಕಿಲೋ ಆಸುಪಾಸಿನದು. ಅದಕ್ಕೆ 100 ಅಶ್ವಶಕ್ತಿಯ ಎಂಜಿನ್ ಕೂರಿಸಿದರೆ ಕಿಲೋ ಒಂದಕ್ಕೆ ಸಿಗುವ ಶಕ್ತಿ ಮಾರುತಿಯ ಮೂರೂವರೆ ಪಟ್ಟು! ನ್ಯೂಟನ್ನನ ಎರಡನೆಯ ನಿಯಮ ಓದಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಗುಂಪಿಲ್ಲದವರು ಗುಂಪಾದರು

ಕ್ಲಬ್ಬುಗಳು ನೆರವಿಗೆ ಬಂದದ್ದು ಇಲ್ಲಿ. ಕಿಟ್ ಕಾರ್ ಕ್ಲಬ್ಬುಗಳು ಮೊದಲು ಹುಟ್ಟಿದ್ದು ಸ್ಪ್ಯಾನರು, ಸಲಹೆ, ಚಹಾ ಹಂಚಿಕೊಳ್ಳುವುದಕ್ಕೆ. ಕ್ರಮೇಣ ಅವು ಇಂಥ ಕಾರುಗಳನ್ನೇ ನೆಚ್ಚಿದ ವಿಮಾ ಬ್ರೋಕರುಗಳ ಜೊತೆ ಮಾತಿಗೆ ಕೂತವು. ಒಬ್ಬೊಬ್ಬರೇ ಹೋದರೆ ಒಂಟಿ ಕಾರು. ಸದಸ್ಯರೆಲ್ಲ ಒಟ್ಟಾಗಿ ಹೋದರೆ ಅದೊಂದು ಅಂಕಿ-ಅಂಶ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, 200 ಕಾರಿನ ಬದಲು 2000 ಕಾರಿನ ಸಮೂಹವಾದಾಗ ಏರಿಳಿತ ಶೇಕಡಾ 10ಕ್ಕೆ ಇಳಿಯುತ್ತದೆ. ಕಾರುಗಳು ಒಂದೇ ತರಹ ಇಲ್ಲದಿರಬಹುದು, ಆದರೆ ಅವನ್ನು ಓಡಿಸುವವರು ಹೆಚ್ಚುಕಡಿಮೆ ಒಂದೇ ತರಹ ಎಂಬುದು ಕ್ಲಬ್ಬುಗಳ ವಾದ. ಮಳೆ ಬಂದರೆ ಹೊರತೆಗೆಯುವುದಿಲ್ಲ. ದಿನದ ಓಡಾಟಕ್ಕೆ ಮನೆಯಲ್ಲಿ ಇನ್ನೊಂದು ಕಾರಿರುತ್ತದೆ. ರಾತ್ರಿ ಗ್ಯಾರೇಜಿಗೆ ಬೀಗ. ಸ್ವಂತ ಕೈಯಲ್ಲಿ ಬೋಲ್ಟು ಬಿಗಿದವನಿಗೆ ಗೀರು ಬಿದ್ದರೂ ಹೊಟ್ಟೆ ಉರಿಯುತ್ತದೆ.

ಹೀಗೆ ರೂಪುಗೊಂಡ ಯೋಜನೆಗಳಲ್ಲಿ ವರ್ಷಕ್ಕೆ 3000 ಅಥವಾ 5000 ಮೈಲಿಗೆ ಮೀರಿ ಓಡಿಸುವುದಿಲ್ಲ ಎಂಬಂಥ ಮಿತಿ ಒಪ್ಪಿದವರಿಗೆ ಕಂತು ಇಳಿಯುತ್ತದೆ. ಕ್ಲಬ್ ಸದಸ್ಯತ್ವಕ್ಕೇ ರಿಯಾಯಿತಿಯುಂಟು. ಕಾರು ಇನ್ನೂ ಅರ್ಧ ಕಟ್ಟಿ ಗ್ಯಾರೇಜಿನಲ್ಲಿರುವಾಗಲೇ ಬೆಂಕಿ, ಕಳವುಗಳಿಂದ ರಕ್ಷಣೆ ಕೊಡುವ ವಿಮೆಯೂ ಸಿಗುತ್ತದೆ. ಇದಕ್ಕೆ ಇನ್ನೊಂದು ಮುಖವೂ ಇದೆ ಅನ್ನಿ. ಸಮೂಹದ ದಾಖಲೆ ಎಲ್ಲರದೂ ಆದ್ದರಿಂದ ನಾಲ್ಕು ಮಂದಿ ಪುಂಡಾಟ ಮಾಡಿದರೆ ಉಳಿದವರ ಕಂತೂ ಏರುತ್ತದೆ. ಹದಿನೆಂಟು, ಇಪ್ಪತ್ತರ ತರುಣರಿಗೆ ಈಗಲೂ ಬಾಗಿಲು ಪೂರ್ತಿ ತೆರೆದಿಲ್ಲ.

ಎಲ್ಲಕ್ಕಿಂತ ಕಸಿವಿಸಿಯ ಪ್ರಶ್ನೆ ಬೆಲೆಯದು. ಕಾರು ಪೂರ್ತಿ ನಜ್ಜುಗುಜ್ಜಾದರೆ ಕಂಪನಿ ಕೊಡುವುದು ಮಾರುಕಟ್ಟೆ ಬೆಲೆ. ಮಾರುಕಟ್ಟೆಯಲ್ಲಿ ಇಲ್ಲದ ಕಾರಿಗೆ ಮಾರುಕಟ್ಟೆ ಬೆಲೆ ಯಾವುದು? ಹಳೆಯ ಎಸ್ಕಾರ್ಟಿನದೇ? ನೂರಾರು ಗಂಟೆಗಳ ದುಡಿಮೆಗೆ ರಸೀದಿ ಎಲ್ಲಿಂದ ತರುವುದು? ಕ್ಲಬ್ಬುಗಳು ಒತ್ತಾಯಿಸಿ ಪಡೆದ ಪರಿಹಾರ ‘ಒಪ್ಪಿದ ಮೌಲ್ಯ’. ಕ್ಲಬ್ಬಿನ ಅನುಭವಿಯೊಬ್ಬರು ಕಾರು, ಫೋಟೋ, ಖರ್ಚಿನ ಚೀಟಿಗಳನ್ನು ನೋಡಿ ಬೆಲೆ ಬರೆದುಕೊಡುತ್ತಾರೆ. ಕಂಪನಿ ಮೊದಲೇ ಅದಕ್ಕೆ ಒಪ್ಪಿ ಸಹಿ ಹಾಕುತ್ತದೆ. ಅಪಘಾತವಾದ ಮೇಲೆ ಚೌಕಾಸಿ ಇಲ್ಲ.

ಭದ್ರತೆಯ ಅನುಮಾನಕ್ಕೆ ಉತ್ತರ ಸರ್ಕಾರದ ಕಡೆಯಿಂದ ಬಂತು. 1998ರಲ್ಲಿ ಬ್ರಿಟನ್ ಇಂಥ ಕಾರುಗಳಿಗೆ ಬಿಡಿ ಬಿಡಿಯಾಗಿ ಪರೀಕ್ಷೆ ಜಾರಿಗೆ ತಂದಿತು. 2009ರಿಂದ ಅದರ ಜಾಗದಲ್ಲಿ ಇನ್ನೂ ಬಿಗಿಯಾದ ಪರೀಕ್ಷೆಯಿದೆ. ಬ್ರೇಕು, ದೀಪ, ಸೀಟ್ ಬೆಲ್ಟಿನ ಹಿಡಿತ, ಹೊಗೆ, ಸದ್ದು ಎಲ್ಲಕ್ಕೂ ಅಳತೆ. ಪಾದಚಾರಿಗೆ ತಾಗಿದರೆ ಗಾಯವಾಗದಂತೆ ಮೈಮೇಲಿನ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಲ್ಲಿ ದುಂಡಗಿರಬೇಕು. ಯಾವ ಅಂಚು ಈ ಲೆಕ್ಕಕ್ಕೆ ಬರುತ್ತದೆಂದು ನೋಡಲು 100 ಮಿಲಿಮೀಟರ್ ವ್ಯಾಸದ ಗೋಳವೊಂದನ್ನು ಕಾರಿನ ಮೈಗೆ ತಾಗಿಸುತ್ತಾರೆ. ಗೋಳ ಮುಟ್ಟದ ಸಂದಿಗೆ ವಿನಾಯಿತಿ. ಮೊದಮೊದಲು ಗೊಣಗಿದ ಹವ್ಯಾಸಿಗಳಿಗೆ ಈ ಪ್ರಮಾಣಪತ್ರವೇ ವಿಮೆಯವರ ಮುಂದೆ ಇಡಲು ಒಳ್ಳೆಯ ದಾಖಲೆಯಾಯಿತು.

ನ್ಯೂಜಿಲೆಂಡಿನವರು ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿನ ವಾಹನ ಹವ್ಯಾಸಿಗಳ ಸಂಘಗಳೇ ಸೇರಿ 1990ರ ದಶಕದ ಆರಂಭದಲ್ಲಿ ‘ಲೋ ವಾಲ್ಯೂಮ್ ವೆಹಿಕಲ್ ಟೆಕ್ನಿಕಲ್ ಅಸೋಸಿಯೇಷನ್’ ಕಟ್ಟಿಕೊಂಡವು. ತಾಂತ್ರಿಕ ನಿಯಮಗಳನ್ನು ಅವರೇ ಬರೆದರು, ಸರ್ಕಾರ ಮನ್ನಣೆ ಕೊಟ್ಟಿತು. ತಪಾಸಣೆಯಲ್ಲಿ ಗೆದ್ದ ಕಾರಿಗೆ ಲೋಹದ ಪುಟ್ಟ ಫಲಕ ಬೀಳುತ್ತದೆ. ವಿಮೆಯವರೂ ಅದನ್ನೇ ಕೇಳುತ್ತಾರೆ.

ನಮ್ಮಲ್ಲಿ

ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 146ನೆಯ ಕಲಮಿನಂತೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸಬಾರದೆಂದು 52ನೆಯ ಕಲಮು ಹೇಳುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು 2007ರಿಂದ ‘ಬಾಹಾ’ ಸ್ಪರ್ಧೆಗೆಂದು ಕಟ್ಟುತ್ತ ಬಂದಿರುವ ಗಾಡಿಗಳು ಸ್ಪರ್ಧೆಯ ಮೈದಾನದಲ್ಲಿ ಓಡುತ್ತವೆಯೇ ಹೊರತು ಬೀದಿಯಲ್ಲಲ್ಲ. ಮನೆಯಲ್ಲಿ ಕಾರು ಕಟ್ಟುವ ಆಸೆಯಿರುವ ಮಗನಿಗೋ ಮಗಳಿಗೋ ತಂದೆತಾಯಿಯರು ಇದನ್ನು ಮೊದಲೇ ತಿಳಿಸುವುದು ಒಳ್ಳೆಯದು.

ಆದರೂ ಕ್ಲಬ್ಬಿನ ಚೀಟಿಗೆ ವಿಮೆ ಮಣಿದ ಉದಾಹರಣೆ ನಮ್ಮಲ್ಲೂ ಉಂಟು. 2002ರ ಮೋಟಾರು ವಿಮಾ ಟ್ಯಾರಿಫಿನಲ್ಲಿ, 1940ರ ಕೊನೆಗೆ ಮುಂಚೆ ತಯಾರಾದ ಕಾರಿಗೆ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾ ಪ್ರಮಾಣಪತ್ರ ಕೊಟ್ಟಿದ್ದರೆ ವಾಹನದ ಸ್ವಂತ ಹಾನಿಯ ಕಂತಿನಲ್ಲಿ ಶೇಕಡಾ 25 ರಿಯಾಯಿತಿ ಎಂದು ಬರೆದಿತ್ತು. ಮಾನ್ಯತೆ ಪಡೆದ ಆಟೊಮೊಬೈಲ್ ಸಂಘದ ಸದಸ್ಯರಿಗೂ ಶೇಕಡಾ 5, ಹೆಚ್ಚೆಂದರೆ 200 ರೂಪಾಯಿ, ಕಡಿತವಿತ್ತು.

ಅತ್ತ ಬ್ರಿಟನ್ನಿನ ಗ್ಯಾರೇಜುಗಳಲ್ಲಿ ಈಗ ಸ್ಪ್ಯಾನರುಗಳ ಪಕ್ಕದಲ್ಲೇ ಒಂದು ಕ್ಯಾಮೆರಾ ಇರುತ್ತದೆ. ಪ್ರತಿ ಬೆಸುಗೆಯ ಫೋಟೋ, ಪ್ರತಿ ಬೋಲ್ಟಿನ ರಸೀದಿ ಫೈಲಿಗೆ ಸೇರುತ್ತದೆ. ಪರೀಕ್ಷೆಯವರು ಕೇಳುತ್ತಾರೆ, ಬೆಲೆ ಕಟ್ಟುವ ಕ್ಲಬ್ಬಿನವರು ಕೇಳುತ್ತಾರೆ, ಕೊನೆಗೆ ವಿಮೆಯವರೂ ಕೇಳುತ್ತಾರೆ. ಕಾರು ಮುಗಿಯುವ ಹೊತ್ತಿಗೆ ಫೈಲೂ ಒಂದು ಗೇಣು ದಪ್ಪವಾಗಿರುತ್ತದೆ.