ಡಬಲ್ ಬೆಲ್ ಬಿದ್ದರೆ ಹೊರಡುವ ಮ್ಯೂಸಿಯಂ

ನಮ್ಮ ಕಂಡಕ್ಟರ್ ‘ರೈಟ್ ರೈಟ್’ ಎಂದರೆ ಬಸ್ಸು ಹೊರಡುತ್ತದೆ, ‘ಹೋಲ್ಡಾನ್’ ಎಂದರೆ ನಿಲ್ಲುತ್ತದೆ. ಲಂಡನ್ನಿನ ಹಳೆಯ ಡಬಲ್ ಡೆಕ್ಕರ್‌ಗಳಲ್ಲಿ ಈ ಕೆಲಸ ಬೆಲ್ಲಿನದು. ಒಂದು ಸಲ ಬಾರಿಸಿದರೆ ನಿಲ್ಲಿಸು. ಎರಡು ಸಲವಾದರೆ ಹೊರಡು. ಮೂರು ಸಲವಾದರೆ ಬಸ್ಸು ಭರ್ತಿ, ಸ್ಟಾಪಿನಲ್ಲಿ ನಿಲ್ಲಿಸಬೇಡ. ಡ್ರೈವರ್ ಎಂಜಿನ್ ಪಕ್ಕದ ಪುಟ್ಟ ಕ್ಯಾಬಿನ್ನಿನಲ್ಲಿ ಒಬ್ಬನೇ. ಕಂಡಕ್ಟರ್ ಹಿಂದೆ, ಬಾಗಿಲಿಲ್ಲದ ಪ್ಲಾಟ್‌ಫಾರ್ಮಿನ ಮೇಲೆ. ಇಬ್ಬರ ನಡುವೆ ಇರುವ ಭಾಷೆ ಆ ಬೆಲ್ ಮಾತ್ರ.

ಆ ಭಾಷೆ ಇಂದಿಗೂ ಬಳಕೆಯಲ್ಲಿರುವ ಜಾಗಗಳಲ್ಲೊಂದು ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಬ್ರೂಕ್‌ಲ್ಯಾಂಡ್ಸ್. 1907ರಲ್ಲಿ ಮೋಟಾರ್ ರೇಸಿಗೆಂದೇ ಕಟ್ಟಿದ ಪಥದ ಕಾಂಕ್ರೀಟ್ ಇಳಿಜಾರುಗಳು ಅಲ್ಲಿ ಈಗಲೂ ಉಳಿದಿವೆ. ಆ ಆವರಣದೊಳಗೇ ಇದೆ ಲಂಡನ್ ಬಸ್ ಮ್ಯೂಸಿಯಂ. ಇದನ್ನು ನಡೆಸುವ ಟ್ರಸ್ಟ್ ಹುಟ್ಟಿದ್ದು 1966ರಲ್ಲಿ. ಹತ್ತಿರದ ಕೋಬಮ್‌ನಲ್ಲಿ ಹಲವು ವರ್ಷ ಇದ್ದು, 2011ರಲ್ಲಿ ಇಲ್ಲಿಗೆ ಬಂತು. ದುಡಿಯುವವರು ಹೆಚ್ಚಾಗಿ ಸ್ವಯಂಸೇವಕರು. ನಿಗದಿತ ದಿನಗಳಲ್ಲಿ ಹಳೆಯ ಬಸ್ಸುಗಳು ಹೊರಗೆ ಬರುತ್ತವೆ, ಬಂದವರನ್ನು ಹತ್ತಿಸಿಕೊಂಡು ರಸ್ತೆಗಿಳಿಯುತ್ತವೆ.

1829ರಲ್ಲಿ ಜಾರ್ಜ್ ಶಿಲಿಬೀರ್ ಲಂಡನ್ನಿನಲ್ಲಿ ಮೂರು ಕುದುರೆ ಕಟ್ಟಿದ ಬಂಡಿ ಓಡಿಸಿ, ಅದಕ್ಕೆ ‘ಆಮ್ನಿಬಸ್’ ಎಂದ. ಲ್ಯಾಟಿನ್ನಿನಲ್ಲಿ ಅದರ ಅರ್ಥ ‘ಎಲ್ಲರಿಗಾಗಿ’. ನಾವು ದಿನವೂ ಹೇಳುವ ‘ಬಸ್ಸು’ ಆ ಪದದ ಬಾಲ. ಮ್ಯೂಸಿಯಮ್ಮಿನ ಕಥೆಯೂ ಕುದುರೆ ಬಸ್ಸಿನಿಂದಲೇ ಶುರು. ಚಾವಣಿಯ ಮೇಲೆ ಉದ್ದಕ್ಕೊಂದು ಬೆಂಚು, ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು.

ಮುಂದೆ 1910ರಲ್ಲಿ ಬಂದ ಬಿ ಮಾದರಿಯ ಮೋಟಾರ್ ಬಸ್ಸಿನಲ್ಲಿ 34 ಸೀಟು. 1919ರ ಕೆ ಮಾದರಿಯಲ್ಲಿ ಡ್ರೈವರನ್ನು ಎಂಜಿನ್ನಿನ ಹಿಂದಿನಿಂದ ಎತ್ತಿ ಪಕ್ಕಕ್ಕೆ ಕೂರಿಸಿದರು. ಉಳಿದ ಜಾಗದಿಂದ ಸೀಟು 46ಕ್ಕೇರಿತು. ಮಹಡಿಗೆ ಮಾಡು ಹಾಕಲು ಪೊಲೀಸರು 1925ರವರೆಗೂ ಒಪ್ಪಲಿಲ್ಲ. ಅಲ್ಲಿಯವರೆಗೆ ಮೇಲೆ ಕೂತವರು ಮಳೆ ಬಂದರೆ ಸೀಟಿಗೆ ಕಟ್ಟಿದ ಟಾರ್ಪಾಲನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದರು.

ಇಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಓಡಿಸುವ ವಿದ್ಯೆ. ಯುದ್ಧಾನಂತರದ ಲಂಡನ್ನನ್ನು ಹೊತ್ತು ತಿರುಗಿದ ಆರ್‌ಟಿ ಬಸ್ಸನ್ನೇ ತೆಗೆದುಕೊಳ್ಳಿ. 1939ರಿಂದ 1954ರವರೆಗೆ ಈ ಬಳಗದ ಸುಮಾರು 7,000 ಬಸ್ಸುಗಳು ತಯಾರಾದವು. ಇದರಲ್ಲಿ ನಾವು ಬಲ್ಲಂಥ ಕ್ಲಚ್ ಇಲ್ಲ. ಡ್ರೈವರ್ ಸ್ಟಿಯರಿಂಗ್ ಕೆಳಗಿನ ಚಿಕ್ಕ ಲಿವರನ್ನು ಮುಂದಿನ ಗೇರಿಗೆ ಮೊದಲೇ ಸರಿಸಿಡುತ್ತಾನೆ. ಆಗ ಏನೂ ಆಗುವುದಿಲ್ಲ. ಬೇಕಾದ ಗಳಿಗೆಯಲ್ಲಿ ಎಡಗಾಲಿನ ಪೆಡಲ್ ಪೂರ್ತಿ ಒತ್ತಿ ಬಿಟ್ಟರೆ ಗೇರ್ ಬೀಳುತ್ತದೆ. ಏರು ಬರುವ ಮುಂಚೆಯೇ ಡ್ರೈವರಿನ ಮನಸ್ಸು ಏರು ಹತ್ತಿರಬೇಕು. ಇದನ್ನು ಫಲಕದಲ್ಲಿ ಬರೆದು ತೂಗುಹಾಕಬಹುದು, ಆದರೆ ಕಲಿಸಲಾಗದು. ಬಲ್ಲವರು ಜೊತೆಗಿದ್ದು, ಬಸ್ಸು ಓಡಿಸುತ್ತಲೇ ಹೊಸಬರಿಗೆ ದಾಟಿಸಬೇಕು.

ಕಂಡಕ್ಟರನ ಕೈಯ ಗಿಬ್ಸನ್ ಟಿಕೆಟ್ ಯಂತ್ರವೂ ಹಾಗೆಯೇ. 1953ರಿಂದ 1993ರವರೆಗೆ ಲಂಡನ್ನಿನಲ್ಲಿ ಬಳಕೆಯಲ್ಲಿದ್ದ ಈ ಯಂತ್ರದ ಹೊಟ್ಟೆಯಲ್ಲಿ ಇರುವುದು ಖಾಲಿ ಕಾಗದದ ಸುರುಳಿ. ದರ ಹೊಂದಿಸಿ ಹಿಡಿ ತಿರುಗಿಸಿದರೆ ಟಿಕೆಟ್ ಅಚ್ಚಾಗಿ ಹೊರಬರುತ್ತದೆ.

ಇವೆಲ್ಲ ತಾವಾಗಿ ಉಳಿದವಲ್ಲ. 1929ರ ‘ಟಿ31’ ಎಂಬ ಒಂದಂತಸ್ತಿನ ಬಸ್ಸು ಸೇವೆ ಮುಗಿಸಿದಾಗ, 1956ರಲ್ಲಿ ಕೆಲವು ಅಭಿಮಾನಿಗಳು ಸೇರಿ ಅದನ್ನು ಕೊಂಡರು. ಹೀಗೆ ಖಾಸಗಿಯವರು ಬಸ್ಸು ಉಳಿಸಿಕೊಳ್ಳುವ ಹವ್ಯಾಸಕ್ಕೆ ನಾಂದಿ ಹಾಡಿದವುಗಳಲ್ಲಿ ಅದೂ ಒಂದು. ಅದು ಈಗ ಇಲ್ಲಿದೆ. ಆ ಕಾಲದ ಬಸ್ಸುಗಳ ತಗಡಿನ ಒಳಗಿರುವುದು ಮರದ ಚೌಕಟ್ಟು. ನೀರು ಹೊಕ್ಕರೆ ಕೊಳೆಯುತ್ತದೆ. ಕೊಳೆತ ತುಂಡು ತೆಗೆದು, ಅದೇ ಅಳತೆಗೆ ಹೊಸ ಮರ ಕೆತ್ತಿ ಕೂಡಿಸಬೇಕು. ಅಂಗಡಿಯಲ್ಲಿ ಸಿಗದ ಬಿಡಿಭಾಗವನ್ನು ಹೊಸದಾಗಿ ಮಾಡಿಸಬೇಕು. ಒಂದು ಬಸ್ಸು ಮತ್ತೆ ರಸ್ತೆ ಕಾಣಲು ವರ್ಷಗಳೇ ಹಿಡಿಯುತ್ತವೆ.

ಲಂಡನ್ನಿನ ಗುರುತೇ ಆಗಿದ್ದ ರೂಟ್‌ಮಾಸ್ಟರ್ ಬಸ್ಸುಗಳು ತಯಾರಾದದ್ದು 2,876. 2005ರ ಡಿಸೆಂಬರ್ 9ರಂದು 159ನೇ ಮಾರ್ಗದಲ್ಲಿ ಅವುಗಳ ದೈನಂದಿನ ಓಡಾಟ ಮುಗಿದಾಗ ಬೀದಿ ಬದಿ ಜನ ನೆರೆದಿದ್ದರು. ಬೆಂಗಳೂರಿನ ಬಿಟಿಎಸ್ ಡಬಲ್ ಡೆಕ್ಕರ್‌ನಲ್ಲಿ ಮಹಡಿಯ ಮುಂದಿನ ಸೀಟಿಗಾಗಿ ಮೆಟ್ಟಿಲು ಓಡಿ ಹತ್ತಿದವರಿಗೆ ಆ ಜನರ ಮನಸ್ಸು ಅರ್ಥವಾದೀತು. ನಮ್ಮ ಬಸ್ಸುಗಳಿಗೂ ಹಳೆಯ ಕಥೆಯಿದೆ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. ನಮ್ಮ ಕೆಎಸ್‌ಆರ್‌ಟಿಸಿಯ ಬೇರು ಅದು. ಗುಜರಿಗೆ ಹೊರಟ ನಮ್ಮ ಹಳೆಯ ಬಸ್ಸುಗಳಲ್ಲಿ ಒಂದಷ್ಟನ್ನು ತಡೆದು ನಿಲ್ಲಿಸಿಕೊಳ್ಳೋಣ. ನಿವೃತ್ತ ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್‌ಗಳನ್ನು ಕರೆದು, ಹುಡುಗರಿಗೆ ಕಲಿಸಿ ಎನ್ನೋಣ. ಭಾನುವಾರಕ್ಕೊಮ್ಮೆಯಾದರೂ ಆ ಬಸ್ಸು ಹೊರಡಲಿ, ಹಿಂದಿನಿಂದ ಆ ಹಳೆಯ ಗಂಟಲು ‘ರೈಟ್ ರೈಟ್’ ಎನ್ನಲಿ.