ಇಳಿಜಾರಿನಲ್ಲಿ ನೆಟ್ಟಗೆ ನಿಲ್ಲುವುದೆಂದರೇನು?

ಗುಡ್ಡದ ದಾರಿಯನ್ನು ಇಳಿಯುವಾಗ ನಾವು ಮೈಯನ್ನು ತುಸು ಹಿಂದಕ್ಕೆ ವಾಲಿಸಿ ನಡೆಯುತ್ತೇವೆ. ಹೀಗೆ ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಎಳೆತನದಲ್ಲಿಯೇ ದೇಹವು ಈ ಪಾಠವನ್ನು ಕಲಿತಿರುತ್ತದೆ. ಆದರೆ ಕಾಲ ಕೆಳಗೆ ನಾಲ್ಕು ಗಾಲಿಗಳ ಹಲಗೆಯೊಂದು ಬಂದೊಡನೆ, ಇಷ್ಟು ಕಾಲ ಕಾಪಾಡಿದ ಈ ಅಭ್ಯಾಸವೇ ನಮ್ಮನ್ನು ಕೆಡಹುತ್ತದೆ. ಇದೇಕೆ? ಸ್ಕೇಟ್‌ಬೋರ್ಡಿನ ಆಟವು ಈ ಪ್ರಶ್ನೆಗೆ ಸೊಗಸಾದ ಉತ್ತರವನ್ನು ಕೊಡುತ್ತದೆ.

ಈ ಆಟದ ತವರು ಅಮೆರಿಕದ ಕ್ಯಾಲಿಫೋರ್ನಿಯ. ಅಲ್ಲಿಯ ಲಾಸ್ ಏಂಜಲೀಸ್ ನಗರದ ಕೆಲವು ಶಾಲೆಗಳನ್ನು ಗುಡ್ಡಗಳ ನಡುವೆ ನೆಲವನ್ನು ಸಮಮಾಡಿ ಕಟ್ಟಿದರು. ಆಟದ ಬಯಲಿನ ಅಂಚಿನಲ್ಲಿ ಉಳಿದ ಓರೆ ದಡಗಳಿಗೂ ಡಾಂಬರನ್ನು ಹಾಸಿದರು. ಪಾಲ್ ರಿವಿಯರ್, ಕೆಂಟರ್ ಕ್ಯಾನ್ಯನ್ ಎಂಬ ಶಾಲೆಗಳ ದಡಗಳು ಹೀಗೆ ಪ್ರಸಿದ್ಧವಾದವು. ಕಡಲಿನಲ್ಲಿ ಹಲಗೆಯ ಮೇಲೆ ನಿಂತು ಅಲೆಯಾಡುತ್ತಿದ್ದ ತರುಣರಿಗೆ ಈ ದಡಗಳು ಕದಲದೆ ನಿಂತ ಅಲೆಗಳಂತೆ ಕಂಡವು. ಆದರೆ ಹಳೆಯ ಗಾಲಿಗಳು ಬಲು ಗಡಸು; ಸಣ್ಣ ಕಲ್ಲೊಂದು ಅಡ್ಡ ಬಂದರೂ ಹಲಗೆ ತಟ್ಟನೆ ನಿಂತು ಸವಾರನು ಮುಂದಕ್ಕೆ ಬೀಳುತ್ತಿದ್ದನು. ೧೯೭೦ರ ದಶಕದ ಮೊದಲ ವರ್ಷಗಳಲ್ಲಿ ಫ್ರಾಂಕ್ ನಾಸ್‌ವರ್ದಿ ಎಂಬವರು ಯುರೆಥೇನ್ ಎಂಬ ಮೆದುವಾದ ಕೃತಕ ವಸ್ತುವಿನ ಗಾಲಿಗಳನ್ನು ಬಳಕೆಗೆ ತಂದರು. ಅವು ನೆಲವನ್ನು ಬಿಗಿಯಾಗಿ ಹಿಡಿದವು. ದಡದ ಮೇಲೆ ಬಿರುಸಾಗಿ ತಿರುಗುವುದು ಸಾಧ್ಯವಾಯಿತು.

ಈಗ ದಡದ ಲೆಕ್ಕವನ್ನು ನೋಡೋಣ. ಸೆಕೆಂಡಿಗೆ ೩ ಮೀಟರು ವೇಗದಿಂದ ಬಂದ ಸವಾರನು ೩೦ ಡಿಗ್ರಿ ಓರೆಯಾದ ದಡವನ್ನು ಏರಿದನೆನ್ನಿ. ಘರ್ಷಣೆಯನ್ನು ಗಣನೆಗೆ ತಾರದಿದ್ದರೆ, ಅವನು ಸುಮಾರು ೪೬ ಸೆಂಟಿಮೀಟರು ಎತ್ತರಕ್ಕೆ, ಎಂದರೆ ದಡದ ಗುಂಟ ೯೨ ಸೆಂಟಿಮೀಟರು ದೂರಕ್ಕೆ, ೦.೬ ಸೆಕೆಂಡಿನಲ್ಲಿ ಏರಿ ಒಂದು ಕ್ಷಣ ನಿಲ್ಲುತ್ತಾನೆ, ಮರುಕ್ಷಣ ಇಳಿಯತೊಡಗುತ್ತಾನೆ. ವೇಗ ಇಮ್ಮಡಿಯಾದರೆ ಎತ್ತರ ನಾಲ್ಮಡಿಯಾಗುತ್ತದೆ. ಗೆಲಿಲಿಯೊ ಓರೆ ಹಲಗೆಯ ಮೇಲೆ ಗುಂಡನ್ನು ಉರುಳಿಸಿ ಚಲನೆಯ ನಿಯಮಗಳನ್ನು ಅರಸಿದನಷ್ಟೆ. ಇಲ್ಲಿ ಸವಾರನೇ ಆ ಗುಂಡು!

ಏರುವಾಗಲೂ ಇಳಿಯುವಾಗಲೂ ಗುರುತ್ವವು ಹಲಗೆಯನ್ನೂ ಸವಾರನನ್ನೂ ದಡದ ಗುಂಟ ಕೆಳಕ್ಕೆ ಒಂದೇ ವೇಗೋತ್ಕರ್ಷದಿಂದ ಎಳೆಯುತ್ತಿರುತ್ತದೆ. ಗಾಲಿಗಳು ಸಲೀಸಾಗಿ ಉರುಳುವುದರಿಂದ ದಡವು ಈ ಎಳೆತವನ್ನು ತಡೆಯದು. ಅದು ಸವಾರನನ್ನು ನೂಕುವುದು ತನ್ನ ಮೈಗೆ ಲಂಬವಾಗಿ ಮಾತ್ರ. ಈ ನೂಕು ದೇಹದ ಗುರುತ್ವಕೇಂದ್ರದ ಮೂಲಕ ಹಾಯಬೇಕು. ಇಲ್ಲವಾದರೆ ದೇಹವು ಉರುಳುತ್ತದೆ. ಆದುದರಿಂದ ಸವಾರನಿಗೆ ‘ನೆಟ್ಟಗೆ’ ಎಂದರೆ ದಾರಕ್ಕೆ ಕಟ್ಟಿ ತೂಗಬಿಟ್ಟ ಗುಂಡು ತೋರುವ ನೇರವಲ್ಲ. ದಡಕ್ಕೆ ಲಂಬವಾದ ನೇರ. ನಡೆಯುವವನ ಮಾತು ಬೇರೆ. ಅವನ ಪಾದಕ್ಕೆ ಘರ್ಷಣೆಯ ಆಸರೆಯುಂಟು. ಆ ಆಸರೆಯಿದೆಯೆಂದು ನಂಬಿ ಹಲಗೆಯ ಮೇಲೆ ದಡದ ಕಡೆಗೆ ವಾಲಿದವನ ಕಾಲಡಿಯಿಂದ ಹಲಗೆ ಕೆಳಕ್ಕೆ ಜಾರಿಹೋಗುತ್ತದೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಸಲೀಸಾಗಿ ಉರುಳುವ ಆಟದ ಬಂಡಿಯೊಂದರ ಮೇಲೆ ಅರ್ಧ ನೀರು ತುಂಬಿದ ಗಾಜಿನ ಪಾತ್ರೆಯನ್ನು ಭದ್ರವಾಗಿ ಕಟ್ಟಿ, ಉದ್ದವಾದ ಓರೆ ಹಲಗೆಯ ಮೇಲೆ ತಡೆಹಿಡಿಯಿರಿ. ನೀರಿನ ಮಟ್ಟ ನೆಲಕ್ಕೆ ಸಮಾಂತರವಾಗಿರುತ್ತದೆ. ಬಂಡಿಯನ್ನು ಬಿಟ್ಟುಬಿಡಿ. ನೀರು ತುಸು ತುಳುಕಾಡಿ, ಹಲಗೆಗೇ ಸಮಾಂತರವಾಗಲು ತೊಡಗುತ್ತದೆ. ಸವಾರನು ಕಲಿಯಬೇಕಾದುದನ್ನು ನೀರು ತಾನಾಗಿ ಮಾಡಿ ತೋರಿಸುತ್ತದೆ!

ಕಲಿಕೆಯ ಕ್ರಮವೂ ಇದರಿಂದಲೇ ಹೊರಡುತ್ತದೆ. ಮೊದಲು ತಗ್ಗಾದ ದಡವನ್ನು ನೇರವಾಗಿ ಏರಿ, ತಿರುಗದೆಯೇ ಹಿಂದಕ್ಕೆ ಉರುಳಿ ಬರಬೇಕು. ಬುಡದ ತಿರುವಿನಲ್ಲಿ ದೇಹದ ಭಾರ ಹೆಚ್ಚಿದಂತೆ ತೋರುವುದರಿಂದ ಮಂಡಿಗಳು ಸಡಿಲವಾಗಿರಬೇಕು. ಅನಂತರ ಕಿಕ್‌ಟರ್ನ್: ಹಿಂದಿನ ಗಾಲಿಗಳ ಮೇಲೆ ಭಾರವಿಟ್ಟು, ಮುಂದಿನವನ್ನು ಎತ್ತಿ ತಿರುಗುವುದು. ಇದಕ್ಕೆ ತಕ್ಕ ಸಮಯ ವೇಗವೆಲ್ಲ ಕರಗಿದ ಆ ತುದಿಯ ಕ್ಷಣ. ಆದರೆ ತಿರುವು ಚುರುಕಾಗಿ ಮುಗಿಯಬೇಕು. ಹಲಗೆ ದಡಕ್ಕೆ ಅಡ್ಡವಾಗಿ ನಿಂತರೆ ಗಾಲಿಗಳು ಇಳಿಜಾರಿನತ್ತ ಉರುಳಲಾರವು, ಮೇಲಿನ ಲೆಕ್ಕವೂ ಆಗ ಸಲ್ಲದು.

ಮೂರನೆಯದು ಆಲಿ: ಹಲಗೆಯನ್ನು ಕೈಯಿಂದ ಹಿಡಿಯದೆ ಅದರೊಡನೆ ನೆಗೆಯುವುದು. ೧೯೭೦ರ ದಶಕದ ಕೊನೆಯಲ್ಲಿ ಇದನ್ನು ರೂಢಿಸಿದ ಫ್ಲಾರಿಡದ ಆಲನ್ ಗೆಲ್ಫಾಂಡರ ಅಡ್ಡಹೆಸರೇ ಇದಕ್ಕೆ ಬಂದಿತು. ದಡದ ಮೇಲೆ ನೆಗೆತವೂ ದಡಕ್ಕೆ ಲಂಬವಾಗಿರಬೇಕು. ಹಾಗೆ ನೆಗೆದರೆ, ಸಮನೆಲದಲ್ಲಿ ಅದೇ ಬಿರುಸಿನಿಂದ ನೆಗೆದುದಕ್ಕಿಂತ ೩೦ ಡಿಗ್ರಿಯ ದಡದ ಮೇಲೆ ನೂರಕ್ಕೆ ಹದಿನೈದರಷ್ಟು ಹೆಚ್ಚು ಕಾಲ ಗಾಳಿಯಲ್ಲಿರಬಹುದು.

ಸೂತ್ರವನ್ನು ಬಲ್ಲವರು ಬೀಳುವುದಿಲ್ಲವೆಂದು ತಿಳಿಯಬಾರದು. ಶಿರಸ್ತ್ರಾಣವೂ ಮಂಡಿ, ಮೊಣಕೈಗಳ ಕವಚಗಳೂ ಇರಲೇಬೇಕು. ಅಂಜಿಕೆಯಾದಾಗ ದೇಹವು ಹಳೆಯ ಪಾಠಕ್ಕೇ ಮರಳಿ ದಡದತ್ತ ವಾಲುತ್ತದೆ. ಹೊಸ ಪಾಠವು ಅಂಜಿಕೆಗಿಂತ ಬೇಗ ನೆನಪಾಗುವವರೆಗೆ ಅಭ್ಯಾಸ ಬೇಕು. ೨೦೨೧ರಲ್ಲಿ ಟೋಕಿಯೊ ಒಲಿಂಪಿಕ್ಸಿಗೆ ಈ ಆಟ ಮೊದಲ ಬಾರಿ ಸೇರಿದಾಗ, ಮಹಿಳೆಯರ ಸ್ಟ್ರೀಟ್ ವಿಭಾಗದಲ್ಲಿ ಚಿನ್ನವನ್ನು ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ೧೩ ವರ್ಷ. ಓರೆ ಹಲಗೆಯ ಗಣಿತವನ್ನು ನಾವು ಪುಸ್ತಕದಿಂದ ಕಲಿಯುತ್ತೇವೆ. ಆಕೆಯ ಕಾಲುಗಳು ಅದನ್ನು ಆಗಲೇ ಬಲ್ಲವಾಗಿದ್ದುವು.